ವೆಲ್ಕ್ರೋ ಹಿಡಿಯುತ್ತಿಲ್ಲ ಅಂತ ರೇನ್‌ಕೋಟು ಬಿಸಾಡಬೇಕಾ?

ಪ್ರಶ್ನೆ: ನಾನು ಶಿವಮೊಗ್ಗದವಳು. ಮಳೆಗಾಲದಲ್ಲಿ ಕೊಡಚಾದ್ರಿ, ಕುದುರೆಮುಖದ ಕಡೆ ಚಾರಣಕ್ಕೆ ಹೋಗುತ್ತಿರುತ್ತೇನೆ. ನಾಲ್ಕು ವರ್ಷದ ಹಿಂದೆ ಕೊಂಡ ರೇನ್‌ಕೋಟಿನ ತೋಳಿನ ತುದಿಯ ವೆಲ್ಕ್ರೋ ಈಗ ಹಿಡಿಯುತ್ತಿಲ್ಲ. ಜಿಪ್ ಮೇಲೆ ಮುಚ್ಚುವ ಪಟ್ಟಿಯೂ ಗಾಳಿ ಬಂದರೆ ಬಿಚ್ಚಿಕೊಳ್ಳುತ್ತದೆ. ಕಾಲಿಗೆ ಸುತ್ತುವ ಗೈಟರ್ ಕಥೆಯೂ ಅದೇ. ಇದೆಲ್ಲ ಹೋಗಲಿ ಅಂದರೆ, ಮೊನ್ನೆ ಹಳ್ಳ ದಾಟುವಾಗ ಸ್ಯಾಂಡಲಿನ ಪಟ್ಟಿ ನೀರಿನ ಮಧ್ಯದಲ್ಲೇ ಬಿಚ್ಚಿಕೊಂಡು ಬೀಳುವ ಹಾಗಾಯಿತು. ಮನೆಗೆ ಬಂದು ಒಣಗಿಸಿ ನೋಡಿದರೆ ಅದೇ ಪಟ್ಟಿ ಗಟ್ಟಿಯಾಗಿ ಹಿಡಿಯುತ್ತದೆ! ಅಂಗಡಿಯವರು 'ವೆಲ್ಕ್ರೋ ಹೋದರೆ ಮುಗೀತು, ಹೊಸದು ತಗೊಳ್ಳಿ' ಅಂದರು. ತಮ್ಮ ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಸರಿಹೋಗುತ್ತೆ ಅನ್ನುತ್ತಾನೆ. ಗೆಳತಿ ಹಿಂದೆ ಗಮ್ ಇರುವ ಹೊಸ ಪಟ್ಟಿ ತಂದು ಅಂಟಿಸು ಅನ್ನುತ್ತಾಳೆ. ಯಾರ ಮಾತು ಕೇಳಲಿ? ಇನ್ನು ಮೇಲೆ ವೆಲ್ಕ್ರೋ ಇರುವ ಸಾಮಾನನ್ನೇ ನಂಬಬಾರದಾ?

ಉತ್ತರ: ಇಸ್ತ್ರಿ ಪೆಟ್ಟಿಗೆಯನ್ನು ಮೊದಲು ಪಕ್ಕಕ್ಕಿಡಿ. ಕೋಟನ್ನೂ ಬಿಸಾಡಬೇಡಿ. ಸ್ಯಾಂಡಲ್ ವಿಷಯ ಮಾತ್ರ ಸ್ವಲ್ಪ ಗಂಭೀರ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರಶ್ನೆಯೊಳಗೆ ಎರಡು ಬೇರೆ ತೊಂದರೆ ಇವೆ. ಕೋಟು, ಗೈಟರ್ ಯಾವಾಗಲೂ ಹಿಡಿಯುವುದಿಲ್ಲ. ಸ್ಯಾಂಡಲ್ ಒದ್ದೆಯಾದಾಗ ಮಾತ್ರ ಕೈಕೊಡುತ್ತದೆ. ನೋಡಲು ಒಂದೇ ರೋಗ ಅನ್ನಿಸಿದರೂ ಕಾರಣ ಬೇರೆ, ಮದ್ದೂ ಬೇರೆ. ಚಾರಣದ ಸಾಮಾನು ರಿಪೇರಿ ಮಾಡುವುದು ನನ್ನ ಕೆಲಸ. 'ವೆಲ್ಕ್ರೋ ಸತ್ತಿದೆ' ಅಂತ ನನ್ನ ಮೇಜಿಗೆ ಬರುವ ಸಾಮಾನಿನಲ್ಲಿ ಬಹಳಷ್ಟಕ್ಕೆ ಏನೂ ಆಗಿರುವುದಿಲ್ಲ, ಬರೀ ಕಸ ಕಟ್ಟಿಕೊಂಡಿರುತ್ತದೆ. ನಿಜವಾಗಿ ಹೋಗಿರುವುದರಲ್ಲೂ ಎರಡು ಕಡೆ ಒಟ್ಟಿಗೆ ಹೋಗುವುದು ಅಪರೂಪ. ಯಾವ ಕಡೆ ಹೋಗಿದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಒಂದು ಭೂತಗನ್ನಡಿ ಇದ್ದರೆ ತೆಗೆದುಕೊಂಡು ಕಿಟಕಿ ಹತ್ತಿರ ಕೂತು ತೋಳಿನ ಪಟ್ಟಿ ನೋಡಿ. ಒರಟು ಕಡೆಯಲ್ಲಿ ಸಾಲುಸಾಲಾಗಿ ಸಣ್ಣ ಕೊಕ್ಕೆಗಳು ಕಾಣಿಸುತ್ತವೆ, ದಪ್ಪ ಒಂಟಿ ನೈಲಾನ್ ಎಳೆಯಿಂದ ಮಾಡಿದ್ದು. ಮೆತ್ತನೆ ಕಡೆಯಲ್ಲಿ ತೆಳು ಎಳೆಗಳ ಕುಣಿಕೆಗಳು, ಒಂದರೊಳಗೊಂದು ಸಿಕ್ಕಿಕೊಂಡು ನಿಂತಿರುತ್ತವೆ. ಕೊಕ್ಕೆ ಕುಣಿಕೆಗೆ ಸಿಕ್ಕಬೇಕು, ಅಷ್ಟೇ ಇದರ ಮರ್ಮ. ನಾಲ್ಕು ವರ್ಷದ ಕೋಟಿನಲ್ಲಿ ಕೊಕ್ಕೆಗಳ ಬುಡದಲ್ಲಿ ಬೂದು ಬಣ್ಣದ ಒಂದು ಪದರ ಕೂತಿರುತ್ತದೆ. ಟವೆಲ್ಲಿನ ನೂಲು, ಕಾಲುಚೀಲದ ಎಳೆ, ತಲೆಕೂದಲು, ಹುಲ್ಲಿನ ಚೂರು, ನಮ್ಮ ಕಡೆ ಉತ್ತರಾಣಿ ಬೀಜದ ಸಿಪ್ಪೆ ಕೂಡ. ಕೊಕ್ಕೆಯ ಬಾಯಿ ಆಗಲೇ ತುಂಬಿಹೋಗಿದ್ದರೆ ಕುಣಿಕೆಗೆ ಜಾಗ ಎಲ್ಲಿ?

ಕಣ್ಣಿಗೆ ನಂಬಿಕೆ ಸಾಲದಿದ್ದರೆ ಇನ್ನೊಂದು ಪರೀಕ್ಷೆ ಇದೆ, ನಾನು ದಿನಾ ಮಾಡುವಂಥದ್ದು. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕಾಲು ಮೀಟರ್ ಹೊಸ ವೆಲ್ಕ್ರೋ ತನ್ನಿ, ಎರಡೂ ಕಡೆಯದು. ಹೊಸ ಒರಟು ತುಂಡನ್ನು ನಿಮ್ಮ ಕೋಟಿನ ಹಳೇ ಮೆತ್ತನೆ ಪಟ್ಟಿಗೆ ಒತ್ತಿ ನೋಡಿ. ಆಮೇಲೆ ಹೊಸ ಮೆತ್ತನೆ ತುಂಡನ್ನು ಹಳೇ ಒರಟು ಪಟ್ಟಿಗೆ ಒತ್ತಿ ನೋಡಿ. ಹೊಸ ಕೊಕ್ಕೆಗೂ ಹಳೇ ಮೆತ್ತನೆ ಪಟ್ಟಿ ಸಿಗದಿದ್ದರೆ ಮೆತ್ತನೆ ಕಡೆ ಮುಗಿದಿದೆ. ಅದು ಸರಿಯಾಗಿ ಹಿಡಿದು, ಇನ್ನೊಂದು ಹಿಡಿಯದಿದ್ದರೆ ಒರಟು ಕಡೆ ಕಸ ತುಂಬಿದೆ ಅಥವಾ ಕೊಕ್ಕೆ ನೆಟ್ಟಗಾಗಿವೆ. ಎರಡು ನಿಮಿಷದ ಕೆಲಸ.

ಕಸ ತೆಗೆಯುವುದಕ್ಕೆ ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಪಟ್ಟಿ ಪೂರ್ತಿ ಒಣಗಿರಬೇಕು. ಮೇಜಿನ ಮೇಲೆ ಚಪ್ಪಟೆಯಾಗಿ ಹಿಡಿದು, ಕೊಕ್ಕೆಗಳ ಸಾಲಿನ ಜೊತೆಗೇ ಬಾಚಿ, ಅಡ್ಡಕ್ಕೆ ಬೇಡ. ಮೇಲಿನ ಪದರ ಎದ್ದ ಮೇಲೆ ಬುಡದಲ್ಲಿ ಸಿಕ್ಕಿರುವ ನೂಲನ್ನು ಗುಂಡುಸೂಜಿಯಿಂದ ಎತ್ತಿ ಚಿಮಟದಿಂದ ಎಳೆಯಿರಿ. ಕೊನೆಗೆ ಗಟ್ಟಿ ಹಲ್ಲುಜ್ಜುವ ಬ್ರಷ್. ಟಿವಿ ನೋಡುತ್ತಾ ಮಾಡಬಹುದು, ಆದರೆ ಅವಸರ ಮಾಡಬೇಡಿ. ಸೂಜಿ ಜಾರಿ ಕೋಟಿನ ಬಟ್ಟೆಗೆ ಚುಚ್ಚಿದರೆ ಅಲ್ಲಿಂದ ನೀರು ಒಳಗೆ ಬರುತ್ತದೆ. ತಂತಿ ಬ್ರಷ್ ಮಾತ್ರ ಬೇಡವೇ ಬೇಡ. ಕಸದ ಜೊತೆ ಕೊಕ್ಕೆಗಳ ತಲೆಯನ್ನೂ ಕಿತ್ತು ಹಾಕುತ್ತದೆ.

ಗೈಟರಿನದ್ದು ಕೆಸರಿನ ಸಮಸ್ಯೆ ಇರಬೇಕು. ಹಸಿ ಕೆಸರನ್ನು ತಿಕ್ಕಿದಷ್ಟೂ ಅದು ಒಳಕ್ಕೆ ಇಳಿಯುತ್ತದೆ. ಒಣಗಲು ಬಿಡಿ, ಕೊಡವಿ, ಬ್ರಷ್ ಮಾಡಿ, ಆಮೇಲೆ ನೀರು. ದೂಳು ಮಣ್ಣು ವೆಲ್ಕ್ರೋಗೆ ಎಂಥ ವೈರಿ ಅಂದರೆ, ಅಮೆರಿಕದ ಸೇನೆ 2004ರಲ್ಲಿ ತೋರಿಸಿದ ಹೊಸ ಸಮವಸ್ತ್ರದಲ್ಲಿ ಜೇಬಿಗೆಲ್ಲ ಇದೇ ಪಟ್ಟಿ ಹಾಕಿತ್ತು. ದೂಳಿಗೆ ಹಿಡಿಯುವುದಿಲ್ಲ, ಬಿಚ್ಚಿದರೆ ಸದ್ದು ಬೇರೆ ಅಂತ ಸೈನಿಕರು ಗೊಣಗಿ ಗೊಣಗಿ, ಕೆಲವು ವರ್ಷದ ನಂತರ ಪ್ಯಾಂಟಿನ ದೊಡ್ಡ ಜೇಬಿಗೆ ಮತ್ತೆ ಗುಂಡಿಯೇ ಬಂತು.

ಈಗ ಮೆತ್ತನೆ ಕಡೆ. ಇದಕ್ಕೆ ಮಾತ್ರ ಮರುಜೀವ ಇಲ್ಲ. ಪ್ರತಿ ಸಲ 'ಪರ್ರ್' ಅಂತ ಬಿಚ್ಚಿದಾಗಲೂ ಒಂದಿಷ್ಟು ಕುಣಿಕೆ ಹರಿಯುತ್ತವೆ. ಹೊಸದರಲ್ಲಿ ಇದು ಗೊತ್ತಾಗುವುದಿಲ್ಲ, ಒಳ್ಳೆಯ ನೇಯ್ದ ಪಟ್ಟಿ ಸಾವಿರಾರು ಸಲ ಬಿಚ್ಚಿ ಹಾಕಿದರೂ ತಡೆಯುತ್ತದೆ. ಆದರೆ ಹರಿದ ಕುಣಿಕೆ ಬರೀ ಜುಂಗು. ಪಟ್ಟಿಯ ಮೇಲೆ ಉಣ್ಣೆ ಎದ್ದ ಹಾಗೆ ಕಾಣಿಸಿದರೆ, ಅಥವಾ ಸವೆದು ಕೆಳಗಿನ ನೇಯ್ಗೆ ಹೊಳೆಯುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಬರೀ ಚಪ್ಪಟೆಯಾಗಿ ಮಲಗಿದ್ದರೆ ಬ್ರಷ್ಷಿನಿಂದ ಎಬ್ಬಿಸಿ ನೋಡಬಹುದು, ಒಂದಿಷ್ಟು ದಿನ ನಡೆಯುತ್ತದೆ. ತೋಳಿನ ತುದಿಯಲ್ಲಿ ಇನ್ನೊಂದು ಸಂಗತಿ ಇದೆ. ನೀವು ದಿನಾ ಒಂದೇ ಅಳತೆಗೆ ಬಿಗಿಯುತ್ತೀರಿ ಅಲ್ವಾ? ಹಾಗಾಗಿ ಮೆತ್ತನೆ ಪಟ್ಟಿಯ ಒಂದೇ ಜಾಗ ಸವೆಯುತ್ತದೆ, ಪಕ್ಕದ ಒಂದು ಇಂಚು ಹೊಸದರಂತೆಯೇ ಇರುತ್ತದೆ. ಒಳಗೆ ಒಂದು ಸ್ವೆಟರ್ ಹಾಕಿದ ದಿನ ಪಟ್ಟಿ ಆ ಹೊಸ ಜಾಗಕ್ಕೆ ಬಂದು ಗಟ್ಟಿಯಾಗಿ ಹಿಡಿಯುತ್ತದೆ. ಇವತ್ತು ಹಿಡಿಯಿತು, ನಿನ್ನೆ ಯಾಕೆ ಇಲ್ಲ ಅಂತ ತಲೆ ಕೆರೆದುಕೊಳ್ಳುವವರಲ್ಲಿ ಅರ್ಧ ಜನರ ಕಥೆ ಇದೇ.

ನಿಮ್ಮ ತಮ್ಮ ಹೇಳಿದ ಇಸ್ತ್ರಿ ಪೂರ್ತಿ ಬುಡವಿಲ್ಲದ ಮಾತಲ್ಲ, ಎಲ್ಲೋ ಕೇಳಿದ್ದು ಅದಲುಬದಲಾಗಿದೆ. ರೇನ್‌ಕೋಟಿನ ಹೊರಮೈಗೆ ನೀರು ಜಾರಿಹೋಗಲು ಒಂದು ಲೇಪ ಇರುತ್ತದೆ. ಅದು ಮಂಕಾದಾಗ ಕಡಿಮೆ ಬಿಸಿ ತಾಗಿಸಿದರೆ ಮತ್ತೆ ಚುರುಕಾಗುತ್ತದೆ, ಕೋಟಿನ ಒಳಗಿನ ಚೀಟಿಯಲ್ಲೇ ಕೆಲವು ಕಂಪನಿಗಳು ಹಾಗಂತ ಬರೆದಿರುತ್ತವೆ. ವೆಲ್ಕ್ರೋಗೆ ಅದೇ ಬಿಸಿ ವಿಷ. ಯಾಕೆ ಅಂದರೆ ಕೊಕ್ಕೆ ಹುಟ್ಟುವುದೇ ಬಿಸಿಯಿಂದ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ 1941ರಲ್ಲಿ ನಾಯಿ ಜೊತೆ ಕಾಡು ಸುತ್ತಿ ಬಂದಾಗ ನಾಯಿಯ ಮೈಗೂ ತನ್ನ ಬಟ್ಟೆಗೂ ಅಂಟಿದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಕಥೆ ಕೇಳಿರುತ್ತೀರಿ. ಕೊಕ್ಕೆ ಕಂಡಿದ್ದು ಸುಲಭ, ಅದನ್ನು ಬಟ್ಟೆಯಲ್ಲಿ ಮಾಡಲು ಆತನಿಗೆ ವರ್ಷಗಟ್ಟಲೆ ಹಿಡಿಯಿತು. ನೈಲಾನ್ ಎಳೆಯನ್ನು ಕುಣಿಕೆಯಾಗಿ ನೇಯ್ದು, ಬಿಸಿಯಲ್ಲಿ ಆ ಬಾಗು ನಿಲ್ಲುವ ಹಾಗೆ ಮಾಡಿ, ಆಮೇಲೆ ಪ್ರತಿ ಕುಣಿಕೆಯ ಒಂದು ಪಕ್ಕ ಕತ್ತರಿಸಿದರೆ ಕೊಕ್ಕೆ. ಹೀಗೆ ಬಿಸಿಯಲ್ಲಿ ನಿಲ್ಲಿಸಿದ ಬಾಗನ್ನು ಇನ್ನೊಮ್ಮೆ ಬಿಸಿ ಮಾಡಿ, ಮೇಲಿಂದ ಒತ್ತಿದರೆ ಅದು ಮಲಗಿಬಿಡುತ್ತದೆ. ಹತ್ತಿ ಬಟ್ಟೆಗೆ ಇಟ್ಟ ಇಸ್ತ್ರಿ ಪೆಟ್ಟಿಗೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ನೈಲಾನಿನ ಒಂದು ಸಾಮಾನ್ಯ ಬಗೆ ಕರಗುವುದು 220 ಡಿಗ್ರಿ ಹತ್ತಿರ, ಮೆತ್ತಗಾಗುವುದು ಅದಕ್ಕಿಂತ ಮೊದಲೇ. ಕೋಟಿಗೆ ಬಿಸಿ ಕೊಡಲೇಬೇಕಿದ್ದರೆ ವೆಲ್ಕ್ರೋ ಇರುವ ಜಾಗ ಬಿಟ್ಟು ಕೊಡಿ.

ಗೆಳತಿಯ ಗಮ್ ಪಟ್ಟಿ ಗೋಡೆಗೆ, ಮರಕ್ಕೆ, ಕಾರಿನ ಒಳಗೆ ಸರಿ. ಮಡಚುವ, ನೆನೆಯುವ ಬಟ್ಟೆಗೆ ಆಗಿಬರುವುದಿಲ್ಲ. ಹೊರಗೆ ನೀರು ಜಾರಲಿ ಅಂತಲೇ ಲೇಪ ಹಾಕಿದ ಬಟ್ಟೆಗೆ ಗಮ್ ಹೇಗೆ ಕೂರಬೇಕು? ಕೂತರೂ ವೆಲ್ಕ್ರೋ ಬಿಚ್ಚುವಾಗ ಕೊಕ್ಕೆ ಬಿಡುವ ಮೊದಲೇ ಗಮ್ ಬಿಡುತ್ತದೆ. ಅದರ ಮೇಲೆ ಹೊಲಿಗೆ ಹಾಕಿಸೋಣ ಅಂದರೆ ಟೈಲರ್ ಬೈಯುತ್ತಾರೆ, ಸೂಜಿಗೆ ಗಮ್ ಮೆತ್ತಿಕೊಂಡು ದಾರ ಕಡಿಯುತ್ತದೆ. ಸೂಪರ್ ಗ್ಲೂ ಇನ್ನೂ ಕೆಟ್ಟದ್ದು. ಗಾಜಿನಷ್ಟು ಗಟ್ಟಿಯಾಗಿ, ಬಟ್ಟೆ ಮಡಚಿದ ಕಡೆ ಸೀಳುತ್ತದೆ.

ಹಾಗಾದರೆ ಮೆತ್ತನೆ ಪಟ್ಟಿ ಹೋಗಿದ್ದರೆ ದಾರಿ ಒಂದೇ, ಬಿಚ್ಚಿ ಹೊಸದು ಹೊಲಿಸುವುದು. ಆದರೆ ಅದಕ್ಕೂ ಮೊದಲು ಕೋಟನ್ನು ಒಳಹೊರಗು ಮಾಡಿ ಬೆರಳಾಡಿಸಿ. ಒಳಗಿನ ಲೇಪ ಅಂಟಂಟಾಗಿದೆಯಾ, ಹೊಟ್ಟಿನಂತೆ ಉದುರುತ್ತಿದೆಯಾ, ಹೊಲಿಗೆಗಳ ಮೇಲಿನ ಟೇಪ್ ಏಳುತ್ತಿದೆಯಾ? ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಕೋಟನ್ನು ಚೀಲದಲ್ಲೇ ಬಿಟ್ಟರೆ ಹೀಗಾಗುತ್ತದೆ. ಹೀಗಾಗಿದ್ದರೆ ಮಾತ್ರ ಅಂಗಡಿಯವರ ಮಾತು ನಿಜ, ವೆಲ್ಕ್ರೋಗೆ ಖರ್ಚು ಮಾಡಬೇಡಿ. ಲೇಪ ಚೆನ್ನಾಗಿದ್ದರೆ ಆ ಕೋಟಿಗೆ ಇನ್ನೂ ಕೆಲವು ಮಳೆಗಾಲ ಇದೆ.

ಟೈಲರ್ ಹತ್ತಿರ ಹೋಗುವಾಗ ಪಟ್ಟಿ ನೀವೇ ತೆಗೆದುಕೊಂಡು ಹೋಗಿ. ಬೆಂಗಳೂರಿಗೆ ಬರುವುದಿದ್ದರೆ ಚಿಕ್ಕಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ವೆಲ್ಕ್ರೋ ಅನ್ನುವುದು ಒಂದು ಕಂಪನಿಯ ಹೆಸರು, ನಾವು ಎಲ್ಲದಕ್ಕೂ ಅದನ್ನೇ ಹೇಳುತ್ತೇವೆ, ಹಾಗಾಗಿ ಕೇಳಿದ ಮಾತ್ರಕ್ಕೆ ಒಳ್ಳೆಯದೇ ಸಿಗುತ್ತದೆ ಅಂತಿಲ್ಲ. ಗಮ್ ಇಲ್ಲದ, ನೇಯ್ದ ಪಟ್ಟಿ ಕೇಳಿ. ಅಗಲ ಹಳೆಯದರಷ್ಟೇ ಇರಲಿ. ಪ್ಲಾಸ್ಟಿಕ್ ಹಾಳೆಯಿಂದಲೇ ಎದ್ದ ಗಡುಸು ಕೊಕ್ಕೆಯ ಪಟ್ಟಿಯೂ ಬರುತ್ತದೆ. ಮೊದಲ ದಿನ ಅದರ ಹಿಡಿತ ಜೋರಾಗಿರುತ್ತದೆ, ಆದರೆ ತೆಳ್ಳಗಿನ ಮೆತ್ತನೆ ಪಟ್ಟಿಯನ್ನು ಬೇಗ ಕೆರೆದು ತಿಂದುಹಾಕುತ್ತದೆ. ಹಳೇ ಹೊಲಿಗೆ ಬಿಚ್ಚುವುದು ಬ್ಲೇಡಿನಿಂದ ಬೇಡ, ಹೊಲಿಗೆ ಬಿಚ್ಚುವ ಕಡ್ಡಿಯಿಂದಲೇ ಆಗಲಿ. ಪಾಲಿಯೆಸ್ಟರ್ ದಾರ ಹಾಕಲು ಹೇಳಿ, ಹತ್ತಿ ದಾರ ನೆನೆದು ನೆನೆದು ಕೊಳೆಯುತ್ತದೆ. ಹೊಲಿಗೆ ಪಟ್ಟಿಯ ಅಂಚಿನ ಬೋಳು ಜಾಗದಲ್ಲೇ ಸುತ್ತ ಬರಲಿ.

ಅಪಾಯ ಒಂದೇ. ಪ್ರತಿ ಸೂಜಿ ತೂತೂ ನೀರಿಗೆ ದಾರಿ. ತೋಳಿನ ತುದಿಯಲ್ಲಿ ಇದು ದೊಡ್ಡ ವಿಷಯವಲ್ಲ, ಅಲ್ಲಿ ಹೇಗೂ ನೀರು ನುಗ್ಗುತ್ತದೆ. ಜಿಪ್ ಮೇಲಿನ ಪಟ್ಟಿಯಲ್ಲೂ ಪರವಾಗಿಲ್ಲ, ಹೊಲಿಗೆ ಆ ಮಡಿಕೆಯಲ್ಲಷ್ಟೇ ಬೀಳುವ ಹಾಗೆ ನೋಡಿಕೊಂಡರೆ. ಭುಜ, ಟೋಪಿಯ ಮೇಲಾದರೆ ಒಳಗಿನಿಂದ ಸೀಮ್ ಸೀಲರ್, ಅಂದರೆ ಹೊಲಿಗೆಯ ತೂತು ಮುಚ್ಚುವ ಅಂಟು, ಹಚ್ಚಬೇಕು. ಟೆಂಟಿನಂಥ ಸಿಲಿಕೋನ್ ಲೇಪದ ಬಟ್ಟೆಯಾದರೆ ಸಿಲಿಕೋನ್ ಸೀಲರನ್ನೇ ತನ್ನಿ, ಬೇರೆಯದು ಅದರ ಮೇಲೆ ನಿಲ್ಲುವುದಿಲ್ಲ.

ಇನ್ನು ಸ್ಯಾಂಡಲ್. ಒಣಗಿದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ ಅಂದಿರಿ, ಅದೇ ಸುಳಿವು. ನೈಲಾನ್ ನೀರು ಕುಡಿಯುತ್ತದೆ. ಕುಡಿದ ಮೇಲೆ ಮೆತ್ತಗಾಗುತ್ತದೆ. ಕೊಕ್ಕೆ ಸ್ವಲ್ಪ ಎಳೆದರೂ ನೆಟ್ಟಗಾಗಿ ಕುಣಿಕೆಯನ್ನು ಬಿಟ್ಟುಕೊಡುತ್ತದೆ, ಕುಣಿಕೆಗಳೂ ಒದ್ದೆಯಾಗಿ ಮಲಗಿರುತ್ತವೆ. ಒಣಗಿದರೆ ಮತ್ತೆ ಮೊದಲಿನಂತೆ. ಆದ್ದರಿಂದ ನಿಮ್ಮ ಸ್ಯಾಂಡಲ್ ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಪಾಲಿಯೆಸ್ಟರ್ ಪಟ್ಟಿ ನೀರನ್ನು ಅಷ್ಟಾಗಿ ಹೀರುವುದಿಲ್ಲ, ಬಿಸಿಲಿಗೂ ಜಾಸ್ತಿ ತಡೆಯುತ್ತದೆ. ದೋಣಿಯ ಹೊದಿಕೆಗೆಲ್ಲ ಅದನ್ನೇ ಹಾಕುತ್ತಾರೆ. ಆದರೆ ಪದೇ ಪದೇ ಬಿಚ್ಚಿ ಹಾಕಿದರೆ ನೈಲಾನಿಗಿಂತ ಬೇಗ ಸವೆಯುತ್ತದೆ, ಸಣ್ಣ ಊರಲ್ಲಿ ಸಿಗುವುದೂ ಕಷ್ಟ.

ಒದ್ದೆಯಾಗಿದ್ದಷ್ಟೇ ಕಾರಣ ಅಲ್ಲ, ಎಳೆತದ ದಿಕ್ಕೂ ಇದೆ. ವೆಲ್ಕ್ರೋವನ್ನು ಉದ್ದಕ್ಕೆ ಜಾರಿಸಿ ಎಳೆದರೆ ಎಲ್ಲ ಕೊಕ್ಕೆಗಳೂ ಒಟ್ಟಿಗೆ ಹಿಡಿಯುತ್ತವೆ, ಕೈಯಿಂದ ಬಿಡಿಸುವುದೇ ಕಷ್ಟ. ತುದಿ ಎತ್ತಿ ಬಾಳೆಹಣ್ಣಿನಂತೆ ಸುಲಿದರೆ ಒಂದು ಸಮಯಕ್ಕೆ ಒಂದೇ ಸಾಲು ಹೋರಾಡಬೇಕು, ಮಗು ಕೂಡ ಬಿಚ್ಚುತ್ತದೆ. ಕಾಲು ಒಳಗಿನಿಂದ ಒತ್ತುವುದು ಜಾರಿಸುವ ಎಳೆತ, ಅದಕ್ಕೆ ಪಟ್ಟಿ ತಡೆಯುತ್ತದೆ. ಹಳ್ಳದ ನೀರು ಪಟ್ಟಿಯ ತುದಿಗೆ ನುಗ್ಗಿ ಎತ್ತುವುದು ಸುಲಿಯುವ ಎಳೆತ. ಜೊತೆಗೆ ಮರಳು. ಮಧ್ಯದಲ್ಲಿ ಬಿಚ್ಚಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಪಟ್ಟಿ ಹೇಗೆ ಕೂರುತ್ತದೆ ಅಂತಲೂ ನೋಡಿ. ಒಂದು ಬಳೆಯೊಳಗೆ ತೂರಿ, ಹಿಂದಕ್ಕೆ ಮಡಚಿ ತನ್ನ ಮೇಲೆಯೇ ಅಂಟುವಂಥದ್ದಾದರೆ ಕಾಲಿನ ಎಳೆತದ ಅರ್ಧ ಮಾತ್ರ ವೆಲ್ಕ್ರೋ ಮೇಲೆ ಬೀಳುತ್ತದೆ, ಉಳಿದರ್ಧ ಪಟ್ಟಿಯೇ ಹೊರುತ್ತದೆ. ಆ ಕಡೆಯಿಂದ ಬಂದು ಈ ಕಡೆ ಸುಮ್ನೆ ಅಂಟಿಕೊಳ್ಳುವಂಥದ್ದಾದರೆ ಪೂರ್ತಿ ಭಾರ ವೆಲ್ಕ್ರೋದ್ದೇ. ಎರಡನೆಯ ಬಗೆಯನ್ನು ನಾನು ಹಳ್ಳಕ್ಕೆ ಇಳಿಸುವುದಿಲ್ಲ.

ಅಗ್ಗದ ಉಪಾಯ: ಹಳೇ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಬಳೆಯಾಗಿ ಕತ್ತರಿಸಿ ಪಟ್ಟಿಗೆ ಏರಿಸಿಡಿ. ನೀರಿಗೆ ಇಳಿಯುವ ಮೊದಲು ಅದನ್ನು ಪಟ್ಟಿಯ ತುದಿಯ ಮೇಲೆ ಎಳೆದುಕೊಳ್ಳಿ. ತುದಿ ಏಳದಿದ್ದರೆ ಸುಲಿಯುವುದು ಶುರುವಾಗುವುದೇ ಇಲ್ಲ. ಒತ್ತುವಾಗ ಬರೀ ಮೇಲಿಂದ ತಟ್ಟಬೇಡಿ, ಒತ್ತಿ ಸ್ವಲ್ಪ ಉಜ್ಜಿ, ಕೊಕ್ಕೆ ಆಳಕ್ಕೆ ಹೋಗುತ್ತದೆ. ಇನ್ನೂ ಭದ್ರ ಬೇಕು ಅಂದರೆ ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಹಿಮ್ಮಡಿ ಪಟ್ಟಿಗೆ ಬಕಲ್ ಹಾಕಿಸಬಹುದು. ಬಕಲ್ ಕಾಲಿಗೆ ಒತ್ತುತ್ತದೆ, ಉಳಿದ ಪಟ್ಟಿ ಬಾಲದಂತೆ ನೇತಾಡಿ ಬೇರಿಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಕತ್ತರಿಸಿ ತುದಿ ಸುಟ್ಟುಕೊಳ್ಳಬೇಕು. ಟಿಚ್ ಬಟನ್ ಹಾಕಿಸೋಣ ಅಂತ ಕೆಲವರು ಕೇಳುತ್ತಾರೆ. ಕೋಟಿಗೆ ಸರಿ, ಸ್ಯಾಂಡಲಿಗೆ ಬೇಡ, ಅಳತೆ ಬದಲಿಸಲಾಗುವುದಿಲ್ಲ, ಕೆಸರಿಗೆ ತುಕ್ಕೂ ಹಿಡಿಯುತ್ತದೆ. ಮೊಣಕಾಲ ಮೇಲೆ ನೀರಿದ್ದು ಸೆಳೆತವೂ ಇದ್ದರೆ ವೆಲ್ಕ್ರೋ, ಬಕಲ್ ಎರಡರ ಚರ್ಚೆಯೂ ಬೇಡ, ದಾಟಬೇಡಿ.

ಗೈಟರ್ ಬಗ್ಗೆ ಒಂದು ಮಾತು. ಉಂಬಳಕ್ಕಾಗಿ (ಜಿಗಣೆಗಾಗಿ) ಹಾಕುತ್ತಿದ್ದರೆ ವೆಲ್ಕ್ರೋ ಗೈಟರ್ ನಿಮಗೆ ಬೇಕೇ ಇಲ್ಲ. ಪಟ್ಟಿ ಎಲ್ಲಾದರೂ ಒಂದು ಕಡೆ ಬಾಯಿ ಬಿಟ್ಟರೆ ಉಂಬಳಕ್ಕೆ ಅಷ್ಟು ಸಾಕು. ಮೊಣಕಾಲವರೆಗೆ ಬರುವ, ಮೇಲೆ ದಾರ ಎಳೆದು ಕಟ್ಟುವ ಬಟ್ಟೆಯ ಲೀಚ್ ಸಾಕ್ಸ್ ಮಲೆನಾಡಿಗೆ ಅದಕ್ಕಿಂತ ಒಳ್ಳೆಯದು.

ವೆಲ್ಕ್ರೋ ನಂಬಬಹುದಾ ಅಂತ ಕೇಳಿದಿರಿ. ಅದು ಬಿಚ್ಚಿಕೊಂಡರೆ ಏನಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ತೋಳು, ಜೇಬು, ಟೆಂಟಿನ ಬಾಗಿಲ ಮಡಿಕೆ ಬಿಚ್ಚಿಕೊಂಡರೆ ಕಿರಿಕಿರಿ, ಅಷ್ಟೇ. ದೊಡ್ಡ ಬ್ಯಾಗುಗಳ ಬೆನ್ನಿನ ಅಳತೆ ಹೊಂದಿಸುವ ಕಡೆಯೂ ವೆಲ್ಕ್ರೋ ಇರುತ್ತದೆ, ನೋಡಿ ಹೆದರಬೇಡಿ. ಅಲ್ಲಿ ಪಟ್ಟಿ ಅಗಲ, ಎಳೆತ ಜಾರಿಸುವಂಥದ್ದು, ಮೇಲೆ ನಿಮ್ಮ ಬೆನ್ನೇ ಒತ್ತಿಕೊಂಡಿರುತ್ತದೆ. ಹೆಲ್ಮೆಟ್ಟಿನ ಗದ್ದದ ಪಟ್ಟಿ, ಬಂಡೆ ಹತ್ತುವಾಗ ಸೊಂಟಕ್ಕೆ ಕಟ್ಟುವ ಹಾರ್ನೆಸ್, ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗಿಗೆ ಕೊಡುವ ಲೈಫ್ ಜಾಕೆಟ್, ಇಂಥ ಕಡೆ ಬಕಲ್ ಇಲ್ಲದೆ ಬರೀ ವೆಲ್ಕ್ರೋ ಕಂಡರೆ ಹಾಕಿಕೊಳ್ಳಬೇಡಿ.

ಒಗೆಯುವಾಗ ಎಲ್ಲ ಪಟ್ಟಿ ಮುಚ್ಚಿ, ಕೋಟನ್ನು ಒಳಹೊರಗು ಮಾಡಿ ಹಾಕಿ. ತೆರೆದ ಕೊಕ್ಕೆ ಮಷಿನ್ನಿನಲ್ಲಿರುವ ನೂಲನ್ನೆಲ್ಲ ಬಾಚಿಕೊಳ್ಳುವುದಲ್ಲದೆ, ಪಕ್ಕದ ಡ್ರೈಫಿಟ್ ಟಿ-ಶರ್ಟನ್ನೂ ಕೆರೆದುಹಾಕುತ್ತದೆ. ಬ್ಲೀಚ್ ಹಾಕಬೇಡಿ, ನೈಲಾನಿಗೆ ಆಗುವುದಿಲ್ಲ. ನೆರಳಲ್ಲಿ ಒಣಗಿಸಿ, ಬಿಸಿಲು ನೈಲಾನನ್ನು ಮೆಲ್ಲಗೆ ಪುಡಿಗೊಳಿಸುತ್ತದೆ. ಎತ್ತಿಡುವಾಗಲೂ ಪಟ್ಟಿ ಮುಚ್ಚಿಯೇ ಇರಲಿ, ಆದರೆ ಒಣಗಿರಲಿ.

ಮುಂದೆ ಹೊಸ ಸ್ಯಾಂಡಲ್ ನೋಡುವಾಗ ಕಾಲಿಗೆ ಹಾಕಿ ಪಟ್ಟಿ ಬಿಗಿದ ಮೇಲೆ ಕೊಕ್ಕೆ ಮತ್ತು ಕುಣಿಕೆ ಎಷ್ಟು ಉದ್ದಕ್ಕೆ ಒಂದರ ಮೇಲೊಂದು ಕೂತಿವೆ ಅಂತ ಅಳೆಯಿರಿ. ನಾಲ್ಕು ಬೆರಳಗಲಕ್ಕಿಂತ ಕಡಿಮೆ ಇದ್ದರೆ ಬೇರೆ ಅಳತೆ ಕೇಳಿ. ಸಪೂರ ಕಾಲಿನವರಿಗೆ ಇದು ತೊಂದರೆ ಕೊಡುವುದಿಲ್ಲ. ದಪ್ಪ ಕಾಲುಚೀಲದ ಮೇಲೆ ಹಾಕುವವರು ಅದೇ ಕಾಲುಚೀಲವನ್ನು ಅಂಗಡಿಗೆ ತೆಗೆದುಕೊಂಡು ಹೋಗುವುದು ಒಳ್ಳೆಯದು.